ಯಾವ ಪುಟದಲ್ಲಿ ಹಿಡಿಯಿತು?

ನಿಮಗೆ ಇಷ್ಟವಾದ ಪುಸ್ತಕಗಳ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಖಾಕಿ ಕಾಗದ ಮತ್ತು ಸೆಣಬಿನ ಹುರಿ. ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದವಳು. ಅದರಲ್ಲಿ ಬಹುಪಾಲು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಚೇರಿಗಳಲ್ಲಿ, ಕೌಂಟರಿನ ಹಿಂದೆ. ಧಾರವಾಡದಿಂದಲೋ ಮೈಸೂರಿನಿಂದಲೋ ಬಂದ ವಿ.ಪಿ.ಪಿ. ಕಟ್ಟು ಮೇಜಿನ ಮೇಲೆ ಬಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಇದು ಪುಸ್ತಕ ಅಂತ. ದುಡ್ಡು ಕಟ್ಟಿ ಬಿಡಿಸಿಕೊಳ್ಳಲು ಬಂದವರಿಗೆ ಮನೆ ಮುಟ್ಟುವ ತನಕ ತಾಳ್ಮೆ ಇರುತ್ತಿರಲಿಲ್ಲ. ಕಚೇರಿಯ ಜಗಲಿಯಲ್ಲೇ ಹುರಿ ಬಿಚ್ಚಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, ನಡುವೆ ಎಲ್ಲೋ ಒಂದು ಪುಟ ತೆರೆದು ನಿಂತಲ್ಲೇ ಓದುತ್ತಿದ್ದರು. ನಾನು ಒಳಗಿನಿಂದ ಕತ್ತು ಚಾಚಿ "ಯಾವುದು ಬಂತು?" ಅಂತ ಕೇಳುತ್ತಿದ್ದೆ. ನನ್ನ ಓದಿನ ಅರ್ಧ ಶುರುವಾದದ್ದು ಆ ಜಗಲಿಯಿಂದ.

ಹೀಗೆ ಕೇಳಿ ಕೇಳಿ ಒಂದು ಮಾತು ಮನದಟ್ಟಾಯಿತು. ಇಷ್ಟದ ಪುಸ್ತಕ ಯಾವುದು ಅಂದರೆ ಜನ ಹೆಸರು ಹೇಳುತ್ತಾರೆ. ಕುವೆಂಪು, ಕಾರಂತ, ಮಾಸ್ತಿ, ಭೈರಪ್ಪ, ತೇಜಸ್ವಿ. ಎಲ್ಲರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಬರೀ ಪಟ್ಟಿ ಕೇಳಿ ಪುಸ್ತಕ ಹುಡುಕಿಕೊಂಡು ಹೊರಟವರನ್ನು ನಾನು ಕಂಡದ್ದು ಕಡಿಮೆ. ಅದೇ ಮನುಷ್ಯನನ್ನು "ನಿಮ್ಮನ್ನು ಯಾವ ಪುಟದಲ್ಲಿ ಹಿಡಿಯಿತು?" ಅಂತ ಕೇಳಿ ನೋಡಿ. ಮುಖ ಬದಲಾಗುತ್ತದೆ. ಕಣ್ಣು ಎಲ್ಲಿಗೋ ಹೋಗುತ್ತದೆ. ಆಮೇಲೆ ಬರುವ ಮಾತಿನಲ್ಲಿ ಪುಸ್ತಕವೂ ಇರುತ್ತದೆ, ಅವರ ಮನೆಯೂ ಇರುತ್ತದೆ, ಅದನ್ನು ಓದಿದ ವರ್ಷದ ಮಳೆಯೂ ಇರುತ್ತದೆ. ಅಂಥ ಮಾತು ಕೇಳಿದವರು ಸುಮ್ಮನೆ ಇರಲಾರರು. "ಆ ಪುಸ್ತಕ ನಿಮ್ಮಲ್ಲಿದೆಯಾ, ಎರಡು ದಿನಕ್ಕೆ ಕೊಡ್ತೀರಾ?" ಅಂತ ಕೇಳಿಯೇ ಕೇಳುತ್ತಾರೆ.

ಕನ್ನಡದಲ್ಲಿ ಓದಿನ ರುಚಿ ಹಬ್ಬಿದ್ದೇ ಹೀಗೆ, ಕೈಯಿಂದ ಕೈಗೆ, ಬಾಯಿಂದ ಬಾಯಿಗೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು ಮಾರಿದರು ಎಂಬುದನ್ನು ಉತ್ತರ ಕರ್ನಾಟಕದ ಹಿರಿಯರು ಇವತ್ತಿಗೂ ನೆನೆಯುತ್ತಾರೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು. ಮುಂದೆ ಯಾವ ಪುಸ್ತಕ ಬರುತ್ತದೆ ಅಂತ ಗೊತ್ತಿಲ್ಲದೆ ಮುಂಗಡ ದುಡ್ಡು ಕೊಡುವುದು ಅಂದರೆ ಏನು? ಇನ್ನೊಬ್ಬರ ರುಚಿಯ ಮೇಲೆ ಅಷ್ಟು ನಂಬಿಕೆ. ಆ ನಂಬಿಕೆಯ ಕಟ್ಟುಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ಹುಬ್ಬಳ್ಳಿಯಿಂದ 1956ರಿಂದ ಬರುತ್ತಿದ್ದ 'ಕಸ್ತೂರಿ' ಮಾಸಪತ್ರಿಕೆಯಲ್ಲಿ ಪ್ರತಿ ತಿಂಗಳೂ ಯಾವುದಾದರೊಂದು ಪುಸ್ತಕವನ್ನು ಅಡಕ ಮಾಡಿ ಕೊಡುತ್ತಿದ್ದರು. ಹೊರದೇಶದ ಎಷ್ಟೋ ಪುಸ್ತಕ ಮಲೆನಾಡಿನ ಅಡಿಕೆ ಚಪ್ಪರದ ಕೆಳಗೆ ಬಂದದ್ದು ಆ ದಾರಿಯಿಂದ.

ಆದರೆ ನನಗೆ ಓದು ಹತ್ತಿಸಿದವರು ನನ್ನ ದೊಡ್ಡಮ್ಮ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಬಸ್ಸಿನ ಡ್ರೈವರ್ ಕೈಲಿ ವಾರಪತ್ರಿಕೆ ತರಿಸುತ್ತಿದ್ದರು. ಧಾರಾವಾಹಿಯ ಪುಟಗಳನ್ನು ವಾರ ವಾರವೂ ಹುಷಾರಾಗಿ ಬಿಡಿಸಿ, ಒಂದು ತಗಡಿನ ಡಬ್ಬದಲ್ಲಿ ಇಟ್ಟು, ಕಾದಂಬರಿ ಮುಗಿದ ಮೇಲೆ ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದು ಪುಸ್ತಕ ಮಾಡುತ್ತಿದ್ದರು. ಬೆನ್ನಿಗೆ ಮೈದಾಹಿಟ್ಟಿನ ಅಂಟು. ಅಂಟಿಗೆ ಹುಳು ಬೀಳದಿರಲಿ ಅಂತ ಚಿಟಿಕೆ ಮೈಲುತುತ್ತ. ಅಡಿಕೆಗೆ ಔಷಧಿ ಹೊಡೆಯುವ ಮನೆಯಲ್ಲಿ ಮೈಲುತುತ್ತಕ್ಕೇನೂ ಬರವಿರಲಿಲ್ಲ. ಮೇಲೆ ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ. ಕಾದಂಬರಿಯ ಪುಟದ ಹಿಂದುಗಡೆ ಅರ್ಧ ಹೊಲಿಗೆಯ ನಮೂನೆ, ಅರ್ಧ ಕೂದಲೆಣ್ಣೆಯ ಜಾಹೀರಾತು ಇರುತ್ತಿದ್ದವು.

ಅಂಥ ಒಂದು ಹೊಲಿದ ಪುಸ್ತಕದಲ್ಲಿ ಒಂದು ಕಂತೇ ಇರಲಿಲ್ಲ. ಆ ವಾರ ಮಳೆಗೆ ಸೇತುವೆ ಮುಳುಗಿ ಬಸ್ಸು ಬಂದಿರಲಿಲ್ಲ. ದೊಡ್ಡಮ್ಮ ಆ ಜಾಗದಲ್ಲಿ ನೋಟುಬುಕ್ಕಿನ ಎರಡು ಖಾಲಿ ಹಾಳೆ ಸೇರಿಸಿ ಹೊಲಿದು, ಅಲ್ಲಿ ಏನಾಗಿರಬಹುದು ಅಂತ ತಾವೇ ಪೆನ್ಸಿಲಿನಲ್ಲಿ ಏಳೆಂಟು ಸಾಲು ಬರೆದಿದ್ದರು. ಆ ಪುಸ್ತಕವನ್ನು ಎರವಲು ಒಯ್ದ ನೆರೆಮನೆಯವರು ಅದರ ಕೆಳಗೆ ತಮ್ಮ ಊಹೆಯನ್ನೂ ಬರೆದು ವಾಪಸು ಕೊಟ್ಟರು. ಮೂರನೆಯವರು ಮತ್ತೊಂದು. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಕೈಬರಹ ಅದು. ಕಾದಂಬರಿಯ ಹೆಸರು ಈಗ ಮರೆತುಹೋಗಿದೆ. ಆ ಎರಡು ಹಾಳೆ ಕಣ್ಣಿಗೆ ಕಟ್ಟಿದ ಹಾಗಿದೆ.

ದೊಡ್ಡಮ್ಮನಿಗೆ ತ್ರಿವೇಣಿಯವರು ಅಂದರೆ ಪ್ರಾಣ. ತ್ರಿವೇಣಿ ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 1963ರಲ್ಲಿ. 35 ತುಂಬುವ ಮೊದಲೇ ಹೋಗಿಬಿಟ್ಟರು. ಅಷ್ಟರೊಳಗೆ ಅವರು ಹೆಣ್ಣಿನ ಮನಸ್ಸಿನ ಒಳಕೋಣೆಗಳಿಗೆ ದೀಪ ಹಿಡಿದು ಹೋದರು. ಕಾದಂಬರಿ ಓದುವ ಹೆಂಗಸು ಕೆಡುತ್ತಾಳೆ ಎನ್ನುವ ಕಾಲ ಅದು. ದೊಡ್ಡಮ್ಮ 'ಶರಪಂಜರ'ವನ್ನು ಅಡುಗೆಮನೆಯ ಅಕ್ಕಿಹಿಟ್ಟಿನ ಡಬ್ಬದ ಹಿಂದೆ ಇಟ್ಟುಕೊಂಡು, ಅನ್ನ ಬೇಯುವಷ್ಟು ಹೊತ್ತು, ಹಾಲು ಉಕ್ಕುವಷ್ಟು ಹೊತ್ತು, ಹೀಗೆ ತುಣುಕು ತುಣುಕಾಗಿ ಓದಿ ಮುಗಿಸಿದರು. ಬಾಣಂತನದ ಹೊತ್ತಿನಲ್ಲಿ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆಯಾಗಿ ಮನೆಗೆ ಬರುತ್ತಾಳೆ. ಅವಳೇನೋ ಗುಣವಾಗಿದ್ದಾಳೆ, ಅವಳನ್ನು ನೋಡುವವರ ಕಣ್ಣು ಗುಣವಾಗಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ದೊಡ್ಡಮ್ಮನನ್ನು ಹಿಡಿದದ್ದು ಆ ಪುಟಗಳು.

ನಮ್ಮೂರಲ್ಲೂ ತೋಟದಾಚೆಯ ಮನೆಯ ಸೊಸೆ ಹಾಗೇ ಬಾಣಂತನದಲ್ಲಿ ಕಾಯಿಲೆಯಾಗಿ, ದೂರದ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಯಾರೂ ಅವರನ್ನು ಒಂದು ಶುಭಕ್ಕೂ ಕರೆಯುತ್ತಿರಲಿಲ್ಲ. ಆ ವರ್ಷ ಗೌರಿಹಬ್ಬದಲ್ಲಿ ದೊಡ್ಡಮ್ಮ ಮೊದಲ ಬಾಗಿನ ತೆಗೆದುಕೊಂಡು ಹೋದದ್ದು ಆ ಮನೆಗೆ. ಯಾಕೆ ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ನನಗೆ ಕೆಲಸ ಸಿಕ್ಕಿ ಮೊದಲ ಸಂಬಳದಲ್ಲಿ ಅದೇ ಪುಸ್ತಕದ ಹೊಸ ಪ್ರತಿ ತಂದು ಅವರ ಕೈಗಿಟ್ಟ ದಿನ. "ಆ ಬಾಗಿನ ನಾನು ಕೊಟ್ಟಿದ್ದಲ್ಲ ಮಗಾ, ಈ ಪುಸ್ತಕ ಕೊಡಿಸಿದ್ದು" ಅಂದರು. 'ಶರಪಂಜರ' ನನಗೆ ಇಷ್ಟದ ಪುಸ್ತಕ ಅಂತ ನಾನು ಹೇಳಿದರೆ ಅದರೊಳಗೆ ಈ ಬಾಗಿನದ ಮೊರವೂ ಇದೆ.

ನಿವೃತ್ತಿಯಾದ ಮೇಲೆ ನಾವು ಕೆಲವರು ಸೇರಿ ತಿಂಗಳಿಗೊಮ್ಮೆ ಓದುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಎರಡನೇ ಶನಿವಾರ, ಸಂಜೆ ನಾಲ್ಕಕ್ಕೆ, ನಮ್ಮ ಮನೆಯ ಮಹಡಿಯ ಮೇಲೆ. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಒಬ್ಬರು ಬಟ್ಟೆ ಹೊಲಿಯುವವರು, ಸಾರಿಗೆ ಸಂಸ್ಥೆಯ ಒಬ್ಬ ಕಂಡಕ್ಟರ್, ಡಿಗ್ರಿ ಓದುವ ಇಬ್ಬರು ಹುಡುಗಿಯರು, ತೋಟದ ಮನೆಯಿಂದ ಆಟೋ ಹಿಡಿದು ಬರುವ ಒಬ್ಬ ಹಿರಿಯ ತಾಯಿ. ನಿಯಮ ಒಂದೇ: ಕಥೆ ಹೇಳಬಾರದು. ನಿಮ್ಮನ್ನು ಹಿಡಿದ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು, ಆ ಪುಸ್ತಕ ನಿಮ್ಮ ಕೈಗೆ ಹೇಗೆ ಬಂತು ಅಂತ ಹೇಳಬೇಕು, ಅಷ್ಟೇ. ಮೊದಮೊದಲು ಮೇಷ್ಟ್ರಿಗೆ ಇದು ಸರಿಬರಲಿಲ್ಲ. ಲೇಖಕರ ಜನನ, ಕೃತಿಗಳು, ಪ್ರಶಸ್ತಿ ಅಂತ ಶುರು ಮಾಡುತ್ತಿದ್ದರು. ಈಗ ಅವರೇ ಎಲ್ಲರಿಗಿಂತ ಮುಂಚೆ ಪುಟದ ಸಂಖ್ಯೆ ಹೇಳುತ್ತಾರೆ.

ಒಂದು ಶನಿವಾರ ನಾನು ಕಾರಂತರ 'ಬೆಟ್ಟದ ಜೀವ' ತೆಗೆದುಕೊಂಡೆ. 1943ರ ಕಾದಂಬರಿ, ತೆಳುವಾದ ಪುಸ್ತಕ. ನನಗೆ ಅದು ಇಪ್ಪತ್ತರ ಹರೆಯದಿಂದ ಪ್ರಿಯ. ದಾರಿ ತಪ್ಪಿದ ಒಬ್ಬ ಮನುಷ್ಯ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಗೋಪಾಲಯ್ಯನವರ ಮನೆ ಸೇರುತ್ತಾನೆ. ಕುಮಾರಪರ್ವತದ ಮಗ್ಗುಲಲ್ಲಿ, ಆನೆ ಹುಲಿಗಳ ನಡುವೆ ತೋಟ ಎಬ್ಬಿಸಿದ ಮುದುಕ. ಅವರ ಹುರುಪು, ಗುಡ್ಡ ಹತ್ತುವ ಕಾಲು, ಇನ್ನೊಂದು ತೋಟ ಮಾಡಿಯೇನು ಎಂಬ ಛಲ, ನನ್ನನ್ನು ಹಿಡಿದದ್ದು ಅದು. ಮಲೆನಾಡಿನವಳು ನಾನು. ಅಡಿಕೆಯ ಬುಡಕ್ಕೆ ಸೊಪ್ಪು ಹಾಕುವ ಶ್ರಮ ಏನೆಂದು ಕಂಡವಳು. ಹಾಗಾಗಿ ಬೆಟ್ಟದ ವರ್ಣನೆಯ ಒಂದು ಪುಟವನ್ನು ಓದಿದೆ. ಎಲ್ಲರೂ ತಲೆದೂಗಿದರು.

ಆ ತೋಟದ ಮನೆಯ ತಾಯಿ ಐದಾರು ತಿಂಗಳಿಂದ ಬರುತ್ತಿದ್ದರೂ ಒಂದು ಮಾತನ್ನೂ ಆಡಿರಲಿಲ್ಲ. ಅವರ ಒಬ್ಬನೇ ಮಗ ಪರದೇಶದಲ್ಲಿ. ಇಲ್ಲಿ ದೊಡ್ಡ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವತ್ತು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ನೀವೆಲ್ಲ ಗುಡ್ಡ ನೋಡಿದ್ರಿ. ನಂಗೆ ಶಂಕರಿ ಒಬ್ಳೇ ಕಂಡ್ಲು. ಬಂದವ್ರಿಗೆ ಬೇಡ ಬೇಡ ಅಂದ್ರೂ ಅಷ್ಟು ಯಾಕೆ ಉಪಚಾರ ಮಾಡ್ತಾಳೆ ಗೊತ್ತಾ? ಮಗನ ಪ್ರಾಯದವ್ನು ಎಲೆ ಮುಂದೆ ಕೂತಿದಾನೆ. ಅವ್ನು ಎದ್ದು ಹೋದ್ರೆ ಮತ್ತೆ ಮನೆ ಖಾಲಿ."

ಮಹಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಗೋಪಾಲಯ್ಯ ಮತ್ತು ಶಂಕರಿಯ ಮಗ ಶಂಭು ಮನೆ ಬಿಟ್ಟು ಹೋಗಿರುವ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ಸಲ ಓದಿದ್ದೆ. ಆದರೆ ಆ ಊಟದ ಎಲೆಯ ಮುಂದೆ ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ. ಮನೆಗೆ ಬಂದ ಅತಿಥಿಗೆ ಮಲೆನಾಡಿನವರು ಬಡಿಸುವ ರೀತಿಯೇ ಹೀಗೆ ಅಂದುಕೊಂಡು ಪುಟ ಮಗುಚಿದ್ದೆ. ಅವತ್ತು ರಾತ್ರಿ ಮತ್ತೆ ಓದಿದೆ. ಕಾರಂತರು ಆ ತಾಯಿಯ ದುಃಖವನ್ನು ಎಷ್ಟು ತಗ್ಗಿದ ದನಿಯಲ್ಲಿ ಬರೆದಿದ್ದಾರೆ ಎಂದರೆ, ಅದು ಕೇಳಿಸಬೇಕಾದರೆ ಓದುವವರ ಮನೆಯೂ ಅಷ್ಟೇ ನಿಶ್ಶಬ್ದವಾಗಿರಬೇಕು. ಇನ್ನೊಬ್ಬ ಓದುಗರ ಜೊತೆ ಕೂತದ್ದರಿಂದ ನನಗೆ ನನ್ನ ಪ್ರೀತಿಯ ಪುಸ್ತಕದ ಉಳಿದರ್ಧ ಸಿಕ್ಕಿತು.

ಗಟ್ಟಿಯಾಗಿ ಓದುವುದರ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಓದು ಅಂದರೆ ಮೊದಲಿಂದಲೂ ನಾಲ್ಕು ಜನ ಕೂಡಿ ಕೇಳುವಂಥದ್ದು. ಒಬ್ಬರು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಮಾಡುವುದು, ಊರು ಜಗಲಿಯಲ್ಲಿ ಕೂತು ಕೇಳುವುದು. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಗಮಕ ಇವತ್ತಿಗೂ ಜೀವಂತವಾಗಿದೆ. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯವರೆಲ್ಲ ತಮ್ಮ ಮನೆಗೇ ಬಂದಷ್ಟು ಸಂತೋಷಪಟ್ಟರು. ಕಣ್ಣಿನಲ್ಲಿ ಓದುವ ಅಭ್ಯಾಸ ಬಂದ ಮೇಲೆ ನಾವು ಕಿವಿಯನ್ನು ಮರೆತೆವು. ಕೆಲವು ಪುಸ್ತಕಗಳು ಕಿವಿಗಾಗಿ ಕಾದು ಕೂತಿವೆ.

ದೇವನೂರ ಮಹಾದೇವರ 'ಒಡಲಾಳ' ಅಂಥದ್ದು. ಅದು ನಂಜನಗೂಡು ಸೀಮೆಯ ದಲಿತ ಕೇರಿಯ ಮಾತಿನಲ್ಲಿ ಬರೆದ ನೀಳ್ಗತೆ. ನಾನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಮೊದಲ ಪುಟಗಳಲ್ಲೇ ನಿಂತಿದ್ದೆ. ಮಲೆನಾಡಿನ ನನ್ನ ಕಣ್ಣಿಗೆ ಆ ಕಾಗುಣಿತ ತೊಡಕಾಗಿತ್ತು. ನಮ್ಮ ಕಂಡಕ್ಟರ್ ನಂಜನಗೂಡು ಕಡೆಯವರು, ಸಾಗರಕ್ಕೆ ವರ್ಗವಾಗಿ ಬಂದವರು. ಅವರ ಸರದಿ ಬಂದಾಗ ಬ್ಯಾಗಿನಿಂದ ಆ ಪುಸ್ತಕ ತೆಗೆದು, "ಇದು ನಮ್ಮವ್ವನ ಮಾತು ಕನಕ್ಕ, ನಾನು ಓದ್ತೀನಿ, ನೀವು ಸುಮ್ನೆ ಕೇಳಿ" ಅಂದರು.

ಸಾಕವ್ವ ತನ್ನ ಕಳೆದುಹೋದ ಹುಂಜ ಹುಡುಕುತ್ತಾ ಹೊರಡುವ ಭಾಗ. ಕಂಡಕ್ಟರ್ ಓದಲು ಶುರು ಮಾಡಿದ್ದೇ ತಡ, ನನಗೆ ತೊಡಕಾಗಿದ್ದ ಒಂದೊಂದು ಅಕ್ಷರವೂ ಉಸಿರಾಗಿ ಬದಲಾಯಿತು. ಎಲ್ಲಿ ಎಳೆಯಬೇಕು, ಎಲ್ಲಿ ತುಂಡರಿಸಬೇಕು, ಎಲ್ಲಿ ಶಾಪ ಹಾಕುವಾಗಲೂ ದನಿಯಲ್ಲಿ ಅಕ್ಕರೆ ಇರಬೇಕು, ಎಲ್ಲ ಅವರಿಗೆ ಹುಟ್ಟಿನಿಂದ ಗೊತ್ತು. ನಿಯಮ ಒಂದೇ ಪುಟದ್ದು. ಅವತ್ತು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಒಂದು ರಾತ್ರಿ ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ಪ್ರಸಂಗದ ತನಕ ಓದಿದರು. ಹಸಿದ ಮನೆಯಲ್ಲಿ ಒಂದು ಮೂಟೆ ಕಡಲೆಕಾಯಿ ಎಂಥ ಹಬ್ಬ ತರುತ್ತದೆ, ಆ ಹಬ್ಬದ ಹಿಂದೆ ಎಂಥ ಭಯ ನಿಂತಿರುತ್ತದೆ ಎಂಬುದನ್ನು ಅಷ್ಟು ಪ್ರೀತಿಯಿಂದ ಬರೆದ ಇನ್ನೊಂದು ಬರಹ ನನಗೆ ಗೊತ್ತಿಲ್ಲ. ಓದಿ ಮುಗಿಸಿದ ಕಂಡಕ್ಟರ್, "ಗೋಡೆ ಮೇಲೆ ಪುಟ್ಟಗೌರಿ ನವಿಲು ಬರೀತಾಳಲ್ಲ, ನಮ್ಮಕ್ಕನೂ ಹಂಗೇ ಬರೀತಿದ್ಳು" ಅಂದು ಪುಸ್ತಕ ಮಡಚಿದರು. ಆಮೇಲೆ ನಾನೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ, ಅವರ ದನಿಯನ್ನು ನೆನಪು ಮಾಡಿಕೊಂಡು, ಮೊದಲಿಂದ ಕೊನೆಯ ತನಕ ಓದಿದೆ. 'ಕುಸುಮಬಾಲೆ'ಯನ್ನೂ ಹಾಗೇ ಓದಿದೆ. ಒಂದು ಪುಸ್ತಕ ನಿಮಗೆ ಬಾಗಿಲು ತೆರೆಯದಿದ್ದರೆ ಅದರ ಊರಿನವರನ್ನು ಯಾರನ್ನಾದರೂ ಹುಡುಕಿ, ಅವರ ಬಾಯಲ್ಲಿ ಎರಡು ಪುಟ ಕೇಳಿ.

ದೊಡ್ಡ ಪುಸ್ತಕಗಳ ಮಾತಿಗೆ ಬರುತ್ತೇನೆ. ಡಿಗ್ರಿ ಹುಡುಗಿಯರಲ್ಲಿ ಒಬ್ಬಳು ಒಂದು ದಿನ ತುಂಬ ಬೇಸರದಲ್ಲಿ ಹೇಳಿದಳು: "ಆಂಟಿ, 'ಮಲೆಗಳಲ್ಲಿ ಮದುಮಗಳು' ಮೂರು ಸಲ ಶುರು ಮಾಡ್ದೆ. ನೂರು ಪುಟ ದಾಟೋಕೆ ಆಗ್ತಿಲ್ಲ. ಹೆಸರುಗಳೇ ಕಲಸಿಹೋಗ್ತವೆ." ಅವಳ ಮಾತಿನಲ್ಲಿ ತಪ್ಪಿಲ್ಲ. 1967ರಲ್ಲಿ ಬಂದ ಆ ಕಾದಂಬರಿ 700ಕ್ಕೂ ಹೆಚ್ಚು ಪುಟದ ಕಾಡು. ಸಿಂಬಾವಿ, ಮೇಗರವಳ್ಳಿ, ಹಳೆಮನೆ, ಬೆಟ್ಟಳ್ಳಿ ಅಂತ ಊರಿನ ಮೇಲೆ ಊರು, ಮನೆಯ ಮೇಲೆ ಮನೆ, ಜನದ ಮೇಲೆ ಜನ. ಒಬ್ಬ ನಾಯಕನನ್ನು ಹುಡುಕಿಕೊಂಡು ಹೋದವರಿಗೆ ಅಲ್ಲಿ ದಾರಿ ಸಿಗುವುದಿಲ್ಲ.

ನಾನು ಅವಳಿಗೆ ಹೇಳಿದ್ದು, "ನಾಯಿಯ ಹಿಂದೆ ಹೋಗು." ಗುತ್ತಿ ಎಂಬ ಜೀತದಾಳು, ಅವನ ನಾಯಿ ಹುಲಿಯ. ನಾಯಿ ಸದಾ ಜೊತೆಗಿರುವುದರಿಂದ ಅವನಿಗೆ ನಾಯಿಗುತ್ತಿ ಅಂತಲೇ ಹೆಸರು. ತಾನು ಮದುವೆಯಾಗಬೇಕಾದ ತಿಮ್ಮಿಗಾಗಿ ಅವನು ಆ ಮಲೆಗಳಲ್ಲಿ ನಡೆಯುತ್ತಾನೆ. ಅವನು ಏರುವ ಹುಲಿಕಲ್ಲು ನೆತ್ತಿಯನ್ನು ನೀವೂ ಏರಿ, ಅವನು ತಂಗಿದ ಜಗಲಿಯಲ್ಲಿ ನೀವೂ ಕೂರಿ. ಯಾರ ಹೆಸರನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಹಳ್ಳಿಗೆ ಹೊಸದಾಗಿ ಬಂದ ಸೊಸೆಗೆ ಎಲ್ಲರ ಗುರುತೂ ಮೊದಲ ದಿನವೇ ಆಗುತ್ತದೆಯೇ? ನಾಲ್ಕು ಸಲ ಎದುರು ಸಿಕ್ಕರೆ ತಾನಾಗಿ ಆಗುತ್ತದೆ. ಪೀಂಚಲು ಮತ್ತು ಐತ ಎದುರಾದಾಗ ನಿಮ್ಮ ಮುಖದಲ್ಲಿ ನಗು ಮೂಡಿದರೆ ನೀವು ಆ ಊರಿನವರಾದಿರಿ ಅಂತ ಲೆಕ್ಕ. ಊರಿಗೆ ಮೊದಲ ಸಲ ಸೈಕಲ್ಲು ಬರುತ್ತದೆ. ಜನ ಅದಕ್ಕೆ ಬೀಸೆಕಲ್ಲು ಅನ್ನುತ್ತಾರೆ. ನಮ್ಮ ಕಚೇರಿಯಲ್ಲಿ ಒಬ್ಬ ಹಿರಿಯ ಅಂಚೆಯಣ್ಣ ಇದ್ದರು. ತೀರ್ಥಹಳ್ಳಿಯ ಕಾಡುದಾರಿಯಲ್ಲಿ ಸೈಕಲ್ ತುಳಿದು ಟಪಾಲು ಹಂಚಿದವರು. ಅವರನ್ನು ಹಿಡಿದದ್ದು ಆ ಪ್ರಸಂಗ. ಅದನ್ನು ನಮಗೆಲ್ಲ ಓದಿ ಹೇಳುವಾಗ ನಡುವೆ ನಿಲ್ಲಿಸಿ ತಾವು ಬಿದ್ದ ತಿರುವುಗಳ ಲೆಕ್ಕ ಕೊಡುತ್ತಿದ್ದರು.

ಆ ಹುಡುಗಿ ಒಂದೂವರೆ ತಿಂಗಳಿಗೆ ಪುಸ್ತಕ ಮುಗಿಸಿದಳು. ಮುಗಿಸಿದ ರಾತ್ರಿ ಹನ್ನೊಂದು ಗಂಟೆಗೆ ನನಗೆ ಫೋನು ಮಾಡಿ ಏನೂ ಮಾತಾಡದೆ ಅತ್ತಳು. ಯಾಕೆ ಅಂತ ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಉಕ್ಕಿ ಹರಿಯುವ ತುಂಗೆಯ ಹತ್ತಿರ ಹುಲಿಯ ಏನಾಯಿತು ಎಂಬುದನ್ನು ನಿಮಗೂ ಹೇಳುವುದಿಲ್ಲ. ಓದಿದವರು ಈಗ ರೇಡಿಯೋ ಮುಂದೆ ನನ್ನ ಜೊತೆ ಸುಮ್ಮನಾಗಿರುತ್ತೀರಿ. ಓದದವರು ಇನ್ನೂ ಆ ಭಾಗ್ಯ ಉಳಿಸಿಕೊಂಡಿದ್ದೀರಿ.

ಎಳೆಯರ ಕೈಗೆ ಏನು ಕೊಡಬೇಕು ಅಂತ ಬಹಳ ಜನ ಕೇಳುತ್ತಾರೆ. ಬುದ್ಧಿ ಹೇಳುವ ಪುಸ್ತಕ ಕೊಡಬೇಡಿ. ಬೆಂಗಳೂರಿನಲ್ಲಿ ಓದುವ ನನ್ನ ತಮ್ಮನ ಮಗ ರಜೆಗೆ ಬಂದಿದ್ದ, ಹದಿನಾಲ್ಕು ವರ್ಷ. ಕನ್ನಡ ಓದಲು ಬರುತ್ತದೆ, ಓದುವುದಿಲ್ಲ. ತೇಜಸ್ವಿಯವರ 'ಕರ್ವಾಲೊ'ದ ಹೆಸರನ್ನೂ ನಾನು ಅವನಿಗೆ ಹೇಳಲಿಲ್ಲ. ಬೆಳಿಗ್ಗೆ ತೋಟಕ್ಕೆ ಕರೆದುಕೊಂಡು ಹೋಗಿ ಒಂದು ಅಡಿಕೆ ಮರದ ಮುಂದೆ ನಿಲ್ಲಿಸಿದೆ. ತೊಗಟೆಯದೇ ಬಣ್ಣ, ಬೆರಳಿಗಿಂತ ಸ್ವಲ್ಪ ಉದ್ದ. ಗಂಟಲ ಕೆಳಗಿನ ಹಳದಿ ಚೀಲವನ್ನು ಒಮ್ಮೆ ಬೀಸಣಿಗೆಯ ಹಾಗೆ ಹೊರಚಾಚಿ ಒಳಗೆಳೆದುಕೊಂಡಿತು. ಆಮೇಲೆ ಪಕ್ಕೆಯ ಚರ್ಮ ಬಿಚ್ಚಿ ಮುಂದಿನ ಮರಕ್ಕೆ ತೇಲಿಹೋಯಿತು. ಹುಡುಗ ಬಾಯಿ ಬಿಟ್ಟು ನಿಂತ. "ಏನತ್ತೆ ಅದು?" "ಹಾರುವ ಓತಿ. ಇದನ್ನೇ ಹುಡುಕಿಕೊಂಡು ಒಬ್ಬ ವಿಜ್ಞಾನಿ, ಮಂದಣ್ಣ ಅಂತ ಒಬ್ಬ ಹಳ್ಳಿಯವನು, ಇನ್ನೂ ಕೆಲವರು ಕಾಡಿಗೆ ಹೋದ ಪುಸ್ತಕ ಒಂದಿದೆ, ಬೇಕಾ?" ಅಂದೆ. ಎರಡು ದಿನದಲ್ಲಿ ಮುಗಿಸಿದ. 1980ರಲ್ಲಿ ಬಂದ ಪುಸ್ತಕ, ಅವನಿಗೆ ನಿನ್ನೆ ಬರೆದ ಹಾಗಿತ್ತು. ಈಗ ಅವನೇ 'ಪರಿಸರದ ಕಥೆ'ಯ ಒಂದು ಪ್ರಸಂಗವನ್ನು ಫೋನಿನಲ್ಲಿ ಓದಿ ಕೇಳಿಸುತ್ತಾನೆ. ಅದೇ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಕತೆಯ ಬೋಬಣ್ಣನ ಬಗ್ಗೆ ನಾನು ಅವನಿಗೆ ಹೇಳಿದ್ದೇನೆ. ಪೋಸ್ಟಾಫೀಸಿನಲ್ಲಿ ಬದುಕು ಕಳೆದ ನನಗೆ ಆ ಕತೆ ಎಷ್ಟು ಹತ್ತಿರದ್ದು ಅಂತ ಹೇಳಲು ಬೇರೆಯೇ ಒಂದು ಭಾಷಣ ಬೇಕು.

ಮೆಚ್ಚುಗೆಯನ್ನು ಹಂಚಿಕೊಳ್ಳುವಾಗ ಹಿಡಿಸದೆ ಹೋದದ್ದನ್ನೂ ಮುಚ್ಚಿಡಬಾರದು. ಭೈರಪ್ಪನವರ 'ಪರ್ವ' ನಮ್ಮ ಗುಂಪಿನ ಮೇಷ್ಟ್ರಿಗೆ ಎಲ್ಲಕ್ಕಿಂತ ದೊಡ್ಡ ಪುಸ್ತಕ. ನನಗೆ ಅದು ಬಹಳ ಕಾಲ ದೂರವೇ ಇತ್ತು. ದೇವತೆಗಳಿಲ್ಲದ, ಪವಾಡವಿಲ್ಲದ ಮಹಾಭಾರತವನ್ನು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಇದನ್ನು ಮೇಷ್ಟ್ರ ಎದುರಿಗೇ ಹೇಳಿದೆ. ಅವರು ವಾದ ಮಾಡಲಿಲ್ಲ. ಮುದುಕನಾದ ಶಲ್ಯರಾಜ ತನ್ನ ಮನೆಯಲ್ಲಿ ಕೂತು ಕಾಲ ಬದಲಾಗುತ್ತಿರುವುದನ್ನು ಯೋಚಿಸುವ ಶುರುವಿನ ಭಾಗವನ್ನು ತೆಗೆದು, "ಇದನ್ನ ನಿಮ್ಮ ಅಜ್ಜ ಅಂದುಕೊಂಡು ಓದಿ ನೋಡಿ" ಅಂದರು. ಓದಿದೆ. ಇವತ್ತಿಗೂ 'ಪರ್ವ' ನನ್ನ ಎದೆಗೆ ಹತ್ತಿರದ ಪುಸ್ತಕವಲ್ಲ. ಆದರೆ ಆ ಶಲ್ಯ ಮಾತ್ರ ನನ್ನವನಾಗಿದ್ದಾನೆ. ಮೇಷ್ಟ್ರಿಗೂ ಅಷ್ಟು ಸಾಕಾಯಿತು.

ಬೇಂದ್ರೆಯವರ ವಿಷಯದಲ್ಲಿ ನಾನು ಈ ರೇಡಿಯೋಗೇ ಋಣಿ. 'ನಾಕುತಂತಿ'ಯನ್ನು ಪುಸ್ತಕದಲ್ಲಿ ಕಣ್ಣಾಡಿಸಿದಾಗ ಅರ್ಥ ಕೈಗೆ ಸಿಗದೆ ಜಾರುತ್ತಿತ್ತು. ಒಂದು ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ರೇಡಿಯೋದಲ್ಲಿ ಧಾರವಾಡದ ಕಡೆಯವರೊಬ್ಬರು ಬೇಂದ್ರೆಯವರ ಪದ್ಯ ಓದಿದರು. ನಲ್ಲಿ ನಿಲ್ಲಿಸಿದೆ. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಅರ್ಥ ಅವತ್ತೂ ಪೂರ್ತಿ ಆಗಲಿಲ್ಲ, ಆದರೆ ಮೈ ಕುಣಿಯಿತು. ಮರುದಿನ ಕಚೇರಿಗೆ ಹೋಗುವ ದಾರಿಯಲ್ಲಿ ನಡಿಗೆಯೇ ಆ ಲಯಕ್ಕೆ ಬಿದ್ದಿತ್ತು.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಪುಸ್ತಕ ಓದದವರೂ ಅವರ ಹೆಸರು ಹೇಳಿದರು. ನಮ್ಮ ಗುಂಪಿನ ಬಟ್ಟೆ ಹೊಲಿಯುವ ಅಕ್ಕ ಅವರ ಕತೆಗಳನ್ನು ಮೊದಲೇ ಕನ್ನಡದಲ್ಲಿ ಓದಿದ್ದರು. ಪ್ರಶಸ್ತಿಯ ಸುದ್ದಿ ಬಂದ ಶನಿವಾರ ಅವರು ತಂದದ್ದು ಕರೆಹಿಡಿದು ಸವೆದ ಹಳೇ ಪ್ರತಿ. ಅದರ ಒಂದು ಪುಟದಲ್ಲಿ ಬಟ್ಟೆಯ ಅಳತೆ ಬರೆದಿತ್ತು. "ಹೊಲಿಯುತ್ತಾ ಓದ್ತಿದ್ದೆ, ಕಾಗದ ಸಿಗಲಿಲ್ಲ, ಇಲ್ಲೇ ಬರ್ಕೊಂಡೆ" ಅಂದರು.

ಕೊನೆಗೆ 'ಬೆಟ್ಟದ ಜೀವ'ದ ನನ್ನ ಪ್ರತಿಯ ಸಂಗತಿ. ಅವತ್ತು ಶಂಕರಿಯ ಮಾತಾಡಿದ ತಾಯಿ ಹೋಗುವಾಗ ಪುಸ್ತಕ ಕೇಳಿ ಒಯ್ದಿದ್ದರು. ಒಂದು ತಿಂಗಳ ಮೇಲೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ವಾಪಸು ತಂದುಕೊಟ್ಟರು. ಅವರು ಹೋದ ಮೇಲೆ ಬಿಚ್ಚಿ ನೋಡಿದರೆ ನಡುವೆ ಗುರುತಿಗೆ ಇಟ್ಟಿದ್ದ ಒಂದು ನೀಲಿ ಏರೋಗ್ರಾಂ ಹಾಗೇ ಉಳಿದಿತ್ತು. ವಿದೇಶದ ಅಂಚೆಚೀಟಿ, ಹಿಂಬದಿಯಲ್ಲಿ ನಮ್ಮ ಕಚೇರಿಯ ದುಂಡು ಮುದ್ರೆ. ತಾರೀಖು ನೋಡಿದೆ. ನಾನು ಅದೇ ಕಚೇರಿಯಲ್ಲಿದ್ದ ವರ್ಷ. ಆ ಮುದ್ರೆ ಒತ್ತಿದ ಕೈ ನನ್ನದೇ ಇರಬಹುದು. ಪತ್ರವನ್ನು ಬಿಡಿಸಲಿಲ್ಲ. ಅದು ಇದ್ದ ಪುಟದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮರುದಿನವೇ ಆಟೋ ಹಿಡಿದು ಅವರ ಮನೆಗೆ ಹೋಗಿ ಕೈಗೆ ಕೊಟ್ಟೆ.

ಅವರು ಪತ್ರವನ್ನು ಸೆರಗಿನಲ್ಲಿ ಒರೆಸಿ ದೇವರ ಗೂಡಿನ ಪಕ್ಕ ಇಟ್ಟರು. ಕಾಫಿ ತಂದುಕೊಟ್ಟು, ಬೇಡ ಅಂದರೂ ಎರಡು ಕೋಡುಬಳೆ ಹೆಚ್ಚಿಗೆ ಬಡಿಸಿ, ಎದುರಿಗೆ ಕೂತು ಹೇಳಿದರು: "ಗುರ್ತಿಗೆ ಬೇರೆ ಏನಾದ್ರೂ ಇಡು ಮಗಾ. ಆ ಪುಟ ಮಾತ್ರ ತಪ್ಪಿಸ್ಬೇಡ. ಮುಂದೆ ಓದೋರಿಗೆ ಸಿಗ್ಲಿ."

ಮನೆಗೆ ಬಂದು ಬೀರು ಹುಡುಕಿ, ಒಂದು ಹಳೇ ಮನಿಯಾರ್ಡರ್ ಫಾರಂ ಮಡಚಿ ಆ ಪುಟದಲ್ಲಿ ಇಟ್ಟೆ. ಪುಸ್ತಕ ಈಗ ನಮ್ಮ ಕಂಡಕ್ಟರ್ ಬ್ಯಾಗಿನಲ್ಲಿ ಟಿಕೆಟ್ ಮೆಷಿನ್ನಿನ ಜೊತೆಗಿದೆ. ಅವರು ಇನ್ನೂ ಆ ಪುಟ ತಲುಪಿಲ್ಲವಂತೆ.